ಮಾಟಗಾತಿಗೆ ಒಂದು ಚಿಟಿಕೆ ಉಪ್ಪು

ಈ ಜಗತ್ತಿನಲ್ಲಿ ಎಸೆಯಬಹುದಾದ ವಸ್ತು ಒಂದೂ ಇಲ್ಲ ಎಂದು ನಂಬಿ ಬಾಳುವವರದ್ದೇ ಒಂದು ಪಂಗಡವಿದೆ. ನಾನು ಅದಕ್ಕೆ ಸೇರಿದವಳು. ಒಡೆದ ಬಕೆಟ್ಟು ನನ್ನ ಕಣ್ಣಿಗೆ ಹೂಕುಂಡ, ಹರಿದ ಸೀರೆ ಕಾಲೊರಸು; ಇಂಕು ತೀರಿದ ಪೆನ್ನುಗಳು ಏನಾಗಬೇಕೆಂದು ಇನ್ನೂ ಹೊಳೆದಿಲ್ಲ, ಆದರೂ ಇರಲಿ ಎಂದು ಒಂದು ಡಬ್ಬಿಯಲ್ಲಿವೆ. ನಂಜನಗೂಡಿನ ನಮ್ಮ ಮನೆಯ ಅಟ್ಟದಲ್ಲಿ ಇಂಥ ‘ಇರಲಿ’ಗಳು ತುಂಬಿ ತುಳುಕುತ್ತಿವೆ. ಮೊಬೈಲಿನಲ್ಲಿ ‘ಮನೆಯಲ್ಲೇ ಮಾಡಿ’ ವಿಡಿಯೋಗಳು ಬರತೊಡಗಿದ ಮೇಲಂತೂ ನನ್ನನ್ನು ಹಿಡಿಯುವವರೇ ಇಲ್ಲವಾಯಿತು. ಒಮ್ಮೆ ಖಾಲಿ ನೀರಿನ ಬಾಟಲಿಗಳನ್ನು ಒಟ್ಟಿಗೆ ಬಿಗಿದು, ಮೇಲೊಂದು ದಿಂಬು ಹೊಲಿದು ಸ್ಟೂಲು ಮಾಡಿದ್ದೆ. ನಮ್ಮ ಯಜಮಾನರು ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಅವರ ಸಾಹೇಬರು ಮನೆಗೆ ಬಂದವರು ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಒಳಗಿನ ಬಾಟಲಿಗಳು ಒಂದೊಂದಾಗಿ ಟಪ್ ಟಪ್ ಎಂದವು. ಸಾಹೇಬರು ಸಭ್ಯರು. ಮಾತು ನಿಲ್ಲಿಸದೆಯೇ, ಲೋಟ ಅಲುಗಿಸದೆಯೇ, ನಿಧಾನವಾಗಿ ನೆಲಕ್ಕೆ ಇಳಿದರು.

ಅಂದು ಕೂಡ ನನಗೆ ನಾಚಿಕೆಯಾಗಲಿಲ್ಲ. ಬಾಟಲಿಯ ಮುಚ್ಚಳ ಸಡಿಲವಿತ್ತು ಎಂದುಕೊಂಡು ಸುಮ್ಮನಾದೆ. ಇಷ್ಟು ಗಟ್ಟಿ ಗುಂಡಿಗೆಯ ನಾನು ಹೋದ ವರ್ಷ ನನ್ನ ಕೈಯಾರೆ ಮಾಡಿದ ಒಂದು ಸಾಮಾನಿಗೆ ಹೆದರಿ, ಹಾಡುಹಗಲಲ್ಲೇ ಅಡುಗೆಮನೆಯ ಬಾಗಿಲಿಗೆ ಬೋಲ್ಟು ಹಾಕಿಕೊಂಡು ಕೂತಿದ್ದೆ ಎಂದರೆ ಯಾರೂ ನಂಬುವುದಿಲ್ಲ.

ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಓದುವ ನನ್ನ ಮಗಳು ಮೇಘನಳಿಗೆ ಕಾಸ್‌ಪ್ಲೇ ಹುಚ್ಚು. ಕಾಸ್‌ಪ್ಲೇ ಎಂದರೆ ಕಾರ್ಟೂನಿನ ಪಾತ್ರಗಳಂತೆ ಬಟ್ಟೆ, ಕೂದಲು, ಆಯುಧ ಎಲ್ಲ ತೊಟ್ಟು ಮಾಲ್‌ನಲ್ಲಿ ಸುತ್ತಾಡಿ ಸ್ಟೇಜ್ ಹತ್ತುವುದು. ನಮ್ಮ ಕಾಲದ ಛದ್ಮವೇಷ ಸ್ಪರ್ಧೆಗೆ ಇಟ್ಟ ದುಬಾರಿ ಹೆಸರು, ಅಷ್ಟೆ. ಅವಳು ಆರಿಸಿಕೊಂಡಿದ್ದು ಯಾವುದೋ ಜಪಾನಿ ಕಾರ್ಟೂನಿನ ಮುನ್ನೂರು ವರ್ಷದ ಮಾಟಗಾತಿಯನ್ನು. ಮುಖವಾಡ ಆನ್‌ಲೈನ್‌ನಲ್ಲಿ ತರಿಸುತ್ತೇನೆ ಎಂದಳು. ಮನೆಯಲ್ಲಿ ನಾನು ಇನ್ನೂ ಬದುಕಿರುವಾಗ ಮುಖವಾಡ ಕೊಂಡು ತರುವುದೇ? ನನಗೆ ಅವಮಾನವಾಯಿತು. ನಾನೇ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ಮುಖವಾಡಕ್ಕೆ ಮೊದಲು ಒಂದು ಮುಖದ ಅಚ್ಚು ಬೇಕು. ಮೇಘನ ತನ್ನ ಮುಖ ಕೊಡಲು ಒಪ್ಪಲಿಲ್ಲ, ಹುಬ್ಬು ಕಿತ್ತು ಬರುತ್ತದಂತೆ. ಸರಿ, ಐವತ್ತರ ಹತ್ತಿರದ ನನ್ನ ಹುಬ್ಬನ್ನು ಯಾರು ನೋಡಬೇಕು ಎಂದು ನಾನೇ ಚಾಪೆಯ ಮೇಲೆ ಅಂಗಾತ ಮಲಗಿದೆ. ಅವಳು ನನ್ನ ಮುಖಕ್ಕೆ ಕೊಬ್ಬರಿ ಎಣ್ಣೆ ಬಳಿದು, ಹಳೆಯ ಪಂಚೆಯ ಪಟ್ಟಿಗಳನ್ನು ಪ್ಲಾಸ್ಟರ್‌ನಲ್ಲಿ ಅದ್ದಿ ಅದ್ದಿ ಹಚ್ಚಿದಳು. ಉಸಿರಿಗೆ ಮೂಗಿನಲ್ಲಿ ಎಳನೀರು ಕುಡಿಯುವ ಎರಡು ಸ್ಟ್ರಾ. “ಅಮ್ಮ, ಅರ್ಧ ಗಂಟೆ ಮಾತಾಡ್ಬೇಡ, ಪ್ಲೀಸ್. ನಿಂಗೆ ಕಷ್ಟ ಅಂತ ಗೊತ್ತು” ಎಂದು ಹೇಳಿ, ಫೋನ್ ಬಂತೆಂದು ಜಗುಲಿಗೆ ಹೋದಳು. ಕಣ್ಣು ಮುಚ್ಚಿದೆ, ತುಟಿ ಕಟ್ಟಿದೆ, ಮುಖದ ಮೇಲೆ ಪ್ಲಾಸ್ಟರ್ ಬೆಚ್ಚಗಾಗುತ್ತಿದೆ. ಆಗ ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಮುಚ್ಚಳ ಸರಿದ ಸದ್ದು ಕೇಳಿಸಿತು. ಪಿಂಗಾಣಿಯ ಮೇಲೆ ಪಿಂಗಾಣಿ ಉಜ್ಜಿದ ಸದ್ದು. ಇಪ್ಪತ್ತು ವರ್ಷ ದಿನಕ್ಕೆರಡು ಸಲ ಕೇಳಿದ ಸದ್ದು ಅದು, ತಪ್ಪಲು ಸಾಧ್ಯವಿಲ್ಲ. ಯಜಮಾನರು ನರಸೀಪುರದಲ್ಲಿದ್ದರು. ಮೇಘನಳ ನಗು ಜಗುಲಿಯಿಂದ ಕೇಳುತ್ತಿತ್ತು. ಬೆಕ್ಕಿರಬೇಕು ಎಂದುಕೊಂಡೆ. ಬೆಕ್ಕಿಗೆ ಉಪ್ಪೇಕೆ ಎಂಬುದು ಆಮೇಲೆ ಹೊಳೆಯಿತು.

ಈ ಉಪ್ಪಿನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮತ್ತೆ ಬದನವಾಳಿನವರು. ನಾನು ಈ ಮನೆಗೆ ಬಂದ ದಿನದಿಂದ ಪ್ರತಿ ಊಟದಲ್ಲೂ ಮೊದಲ ತುತ್ತು ಬಾಯಿಗಿಟ್ಟು, ತುಟಿಯ ಎಡಗೊನೆಯನ್ನು ಕೆಳಕ್ಕೆ ಎಳೆದು, “ಉಪ್ಪು ಕಮ್ಮಿ ಕಣವ್ವ” ಎನ್ನುತ್ತಿದ್ದರು. ಆಮೇಲೆ ತಾವೇ ಎದ್ದು ಹೋಗಿ ಜಾಡಿಯ ಮುಚ್ಚಳ ಸರಿಸುತ್ತಿದ್ದರು. ನಾನು ಎಷ್ಟು ಸುರಿದರೂ ಅವರಿಗೆ ಕಮ್ಮಿಯೇ. ಕೊನೆಗೆ ಅವರಿಗೆ ಬಿ.ಪಿ. ಏರಿ, ಡಾಕ್ಟರು ಉಪ್ಪು ಪೂರ್ತಿ ಬಿಡಿಸಿ ಎಂದರು. ನಾನು ಆ ಮಾತನ್ನು ಒಂದು ವರ್ಷ ಅಕ್ಷರಶಃ ಪಾಲಿಸಿದೆ. ಜಾಡಿಯನ್ನು ಅವರ ಕೈಗೆಟುಕದ ಶೆಲ್ಫಿಗೆ ಏರಿಸಿದೆ. ಸುಳ್ಳೇಕೆ ಹೇಳಲಿ, ಆ ಶಿಸ್ತಿನಲ್ಲಿ ಸ್ವಲ್ಪ ಖುಷಿಯೂ ಇತ್ತು. ಒಂದು ಸಂಜೆ ಬಸ್ಸಾರು ಮುದ್ದೆ ಇಟ್ಟಾಗ, “ಒಂದೇ ಒಂದ್ ಚಿಟಿಕೆ ಆಕವ್ವ, ನಾಲ್ಗೆ ಸತ್ತೋಗದೆ” ಎಂದರು. “ನಾಳೆ ಹಾಕ್ತೀನಿ ಸುಮ್ನೆ ತಿನ್ನಿ ಅತ್ತೆ” ಎಂದೆ. ಬೆಳಗಾಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಎಲ್ಲರೂ ನನ್ನ ಸೇವೆಯನ್ನು ಹೊಗಳಿದರು. ಆ ಚಿಟಿಕೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಮುಖವಾಡಕ್ಕೆ ಬರೋಣ. ಅಚ್ಚಿನೊಳಗೆ ನ್ಯೂಸ್ ಪೇಪರಿನ ಚೂರುಗಳನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಒತ್ತಿದೆ. ಹುಳ ಹಿಡಿಯದಿರಲೆಂದು ಅಂಟಿಗೆ ಚೂರು ಮೈಲುತುತ್ತ ಬೆರೆಸಿದೆ. ಒಣಗಿದ ಮೇಲೆ ಬಿಡಿಸಿ, ಟಿಶ್ಯೂ ಪೇಪರನ್ನು ಮುದುರಿ ಸುಕ್ಕು ಮೂಡಿಸಿದೆ. ಬಿಳಿ ಕೂದಲಿಗೆ ಏನು ಮಾಡುವುದೆಂದು ಅಟ್ಟ ಹುಡುಕಿದಾಗ ಅತ್ತೆಯ ಟ್ರಂಕಿನ ತಳದಲ್ಲಿ ಕೈನೂಲಿನ ಒಂದು ಲಡಿ ಸಿಕ್ಕಿತು. ಹುಡುಗಿಯಾಗಿದ್ದಾಗ ತವರಿನಲ್ಲಿ ತಾವೇ ನೂತದ್ದು ಎಂದು ಅವರು ಅದನ್ನು ಜೋಪಾನ ಮಾಡಿದ್ದರು. ನನ್ನ ಪಂಗಡದವರಿಗೆ ಇಂಥ ಕಡೆ ಮನಸ್ಸಾಕ್ಷಿ ಕೆಲಸ ಮಾಡುವುದಿಲ್ಲ. ಲಡಿ ಬಿಚ್ಚಿ, ಎಳೆ ಎಳೆಯಾಗಿ ಅಂಟಿಸಿ, ಹಿಂದಕ್ಕೆ ಬಾಚಿ ಗಂಟು ಕಟ್ಟಿದೆ. ಬಣ್ಣ ಬಳಿದು, ಬಿಂದಿಗೆಯ ಮೇಲೆ ಕವುಚಿ ನಡುಮನೆಯಲ್ಲಿ ಒಣಗಲು ಇಟ್ಟೆ.

ಸಂಜೆ ಯಜಮಾನರು ಬಂದು ಚಪ್ಪಲಿ ಬಿಟ್ಟು ತಲೆ ಎತ್ತಿದವರು, “ಅವ್ವಾ” ಎಂದರು. ಮೆಲ್ಲಗೆ, ಊಟಕ್ಕೆ ಏನಿದೆ ಎಂದು ಕೇಳುವವರ ಹಾಗೆ. ಆಮೇಲೆ ಗೋಡೆ ಹಿಡಿದುಕೊಂಡು ಕೂತರು. ನಾನು ಹೊಸದಾಗಿ ನೋಡುವವಳಂತೆ ಮುಖವಾಡದ ಮುಂದೆ ಬಂದು ನಿಂತೆ. ಹೌದು, ಅತ್ತೆಯೇ. ಅದೇ ಹಣೆ, ಅದೇ ಗದ್ದ. ಹಸಿ ಕಾಗದ ಒಣಗುತ್ತಾ ಎಳೆದುಕೊಂಡಿತ್ತೇನೋ, ಬಾಯಿಯ ಎಡಗೊನೆ ಕೆಳಕ್ಕೆ ಇಳಿದಿತ್ತು. ಮೊದಲ ತುತ್ತು ಬಾಯಿಗಿಟ್ಟ ಮುಖ. ಅಚ್ಚು ನನ್ನ ಮುಖದ್ದು. ಅತ್ತೆಗೂ ನನಗೂ ರಕ್ತ ಸಂಬಂಧ ಎಳ್ಳಷ್ಟೂ ಇಲ್ಲ. ಹಾಗಾದರೆ ಇವರು ಒಳಗೆ ಬಂದದ್ದು ಯಾವ ದಾರಿಯಿಂದ?

ಮರುದಿನದಿಂದ ನನ್ನ ಪಾಡು ಬೇಡ. ಮುಖವಾಡವನ್ನು ಗೋಡೆಯ ಕಡೆಗೆ ತಿರುಗಿಸಿ ಕಾಯಿ ತುರಿಯಲು ಹೋದರೆ, ಬರುವಷ್ಟರಲ್ಲಿ ಅದು ಅಡುಗೆಮನೆಯತ್ತ ಮುಖ ಮಾಡಿರುತ್ತಿತ್ತು. “ನಾನು ಫೋಟೋ ತೆಗ್ಯಕ್ಕೆ ತಿರುಗ್ಸಿದ್ದೆ ಅಮ್ಮ” ಎಂದಳು ಮೇಘನ ಮೊದಲ ಸಲ. ಎರಡನೆಯ ಸಲ ಅವಳು ಕಾಲೇಜಿನಲ್ಲಿದ್ದಳು. ಕಣ್ಣಿಗೆಂದು ಕೊರೆದ ತೂತುಗಳಲ್ಲಿ ಬಿಂದಿಗೆಯ ಹಿತ್ತಾಳೆ ಮಿನುಗುತ್ತಿತ್ತು. ನಾನು ಒಲೆಯಿಂದ ಸಿಂಕಿಗೆ ನಡೆದರೆ ಆ ಮಿನುಗೂ ನಡೆಯುತ್ತಿತ್ತು. ಬೋಲ್ಟು ಹಾಕಿಕೊಂಡದ್ದು ಆಗಲೇ. ಬೋಲ್ಟು ಹಾಕಿದ ಮೇಲೆ ತಿಳಿಯಿತು, ಉಪ್ಪಿನ ಜಾಡಿ ನನ್ನ ಜೊತೆ ಒಳಗೇ ಇದೆ.

ಕಾಸ್‌ಪ್ಲೇ ಭಾನುವಾರ. ಹಿಂದಿನ ದಿನ ಶನಿವಾರವೇ ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ಪಿತೃಪಕ್ಷದ ದಿನಗಳಲ್ಲಿ ತೀರಿಹೋದವರಿಗೆ ಇಷ್ಟವಾದದ್ದೆಲ್ಲ ಮಾಡಿ ಎಡೆ ಇಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ನಾವು ಹೊರಗೆ ಕೂರುತ್ತೇವೆ. ಹಿರಿಯರು ಬಂದು ಮುಟ್ಟಿ ಹೋಗಲು ಅಷ್ಟು ಹೊತ್ತು ಬಿಡಬೇಕು. ಎಡೆಗೆಂದು ನರಸೀಪುರದಿಂದ ಬಂದ ನಾದಿನಿ ಸಾವಿತ್ರಿ ಮುಖವಾಡ ಕಂಡವಳೇ ಕೈಮುಗಿದು ಅಳತೊಡಗಿದಳು.

“ಅತ್ತಿಗೆ, ಅವ್ವನ್ ಪೋಟ ಇಟ್ಕಂಡು ಮಾಡುದ್ರಾ?”

“ಇಲ್ಲ ಕಣೆ, ನನ್ ಮುಖದ್ ಮೇಲೇ ಮಾಡಿದ್ದು.”

ಅವಳು ನನ್ನನ್ನೊಮ್ಮೆ ಅದನ್ನೊಮ್ಮೆ ನೋಡಿ ಅಳು ನಿಲ್ಲಿಸಿದಳು. “ಇದು ಎಡೆ ಮುಂದೆ ಇರ್ಬೇಕು” ಎಂದಳು.

ಮೇಘನ ಗಾಬರಿಯಾದಳು. “ಸಾವಿತ್ರಿ ಅತ್ತೆ, ನಾಳೆ ನಂಗೆ ಬೇಕು ಅದು. ಸ್ಟೇಜ್ ಮೇಲೆ.”

“ನಿಮ್ಮಜ್ಜಿ ಮೊಕ ಆಕ್ಕಂಡು ಮಾಲ್‌ನಲ್ಲಿ ಕುಣ್ದೀಯಾ? ಅಣ್ಣ, ನೀನಾರ ಬುದ್ದಿ ಏಳು.”

ಯಜಮಾನರು ಬಹಳ ಹೊತ್ತು ಸೀಲಿಂಗ್ ನೋಡಿದರು. ಕಚೇರಿಯಲ್ಲಿ ಕಷ್ಟದ ಕಡತ ಬಂದಾಗಲೂ ಹೀಗೇ ನೋಡುತ್ತಾರಂತೆ. “ಎಡೆ ಮುಂದೆ ಇಡಾನ. ಅವ್ವ ಮುಟ್ಟುದ್ರೆ ಒಪ್ಗೆ ಅಂತ. ಇಲ್ದಿದ್ರೆ ಬ್ಯಾಡ” ಎಂದರು. ಮಗಳ ಒಂದೂವರೆ ತಿಂಗಳ ಕನಸು ನಾನು ಮಾಡುವ ಅಡುಗೆಯ ಮೇಲೆ ನಿಂತಿತು, ಅದೂ ನನ್ನ ಅಡುಗೆಯನ್ನು ಯಾವತ್ತೂ ಒಪ್ಪದವರ ನಾಲಿಗೆಯ ಮೇಲೆ.

ಕಜ್ಜಾಯ, ವಡೆ, ಪಾಯಸ, ಬಸ್ಸಾರು, ಮುದ್ದೆ ಎಲ್ಲ ಬಡಿಸಿದೆ. ಎಲೆಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟೆ. ಸಾವಿತ್ರಿ ಮುಖವಾಡವನ್ನು ಕಳಶದ ಪಕ್ಕ ನಿಲ್ಲಿಸಿ, ಅತ್ತೆಯ ಹಸಿರು ಸೀರೆ ಹೊದಿಸಿದ್ದಳು. ಎಲ್ಲರೂ ಹೊರಟ ಮೇಲೆ ನಾನು ಜಾಡಿ ತಂದು, ಚಮಚದಲ್ಲಿ ಉಪ್ಪು ತೆಗೆದು ಎಲೆಯ ತುದಿಯಲ್ಲಿ ಸಣ್ಣ ಗುಡ್ಡೆ ಮಾಡಿದೆ. “ನಾಳೆ ಅಂದಿದ್ದೆ ಅತ್ತೆ, ತಡ ಆಯ್ತು” ಎಂದೆ. ಬಾಗಿಲು ಎಳೆದುಕೊಂಡು ಬಂದು ಎಲ್ಲರ ಜೊತೆ ಜಗುಲಿಯಲ್ಲಿ ಕೂತೆ.

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ಸ್ಕೂಟರಿನ ಸದ್ದೂ ಇರಲಿಲ್ಲ. ಕೋಣೆಯೊಳಗಿಂದ ಪಿಂಗಾಣಿಯ ಮೇಲೆ ಪಿಂಗಾಣಿ ಉಜ್ಜಿದ ಸದ್ದು ಒಮ್ಮೆ ಬಂತು. ಯಜಮಾನರು ನನ್ನನ್ನು ನೋಡಿದರು. ಸಾವಿತ್ರಿ ಮೇಘನಳ ಕೈ ಹಿಡಿದುಕೊಂಡಳು. ಜಾಡಿಯನ್ನು ಒಳಗೇ ಬಿಟ್ಟು ಬಂದಿದ್ದೆ ಎಂಬುದು ನನಗೆ ಆಗ ನೆನಪಾಯಿತು.

ವಾಡಿಕೆಯಂತೆ ಕೆಮ್ಮಿ ಬಾಗಿಲು ತೆರೆದೆವು. ಕಜ್ಜಾಯ ಇದ್ದಂತೆಯೇ ಇತ್ತು. ಉಪ್ಪಿನ ಗುಡ್ಡೆಯಲ್ಲಿ ಮಾತ್ರ ಮೂರು ಬೆರಳು ಸೇರಿಸಿ ಚಿವುಟಿದಷ್ಟು ಗುಳಿ ಬಿದ್ದಿತ್ತು. “ಮುಟ್ಟವ್ಳೆ” ಎಂದಳು ಸಾವಿತ್ರಿ. ನಾನೇ ಬಡಿಸುವಾಗ ಬೆರಳು ತಗುಲಿಸಿರಬಹುದು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಬಡಿಸಿದ್ದು ಚಮಚದಲ್ಲಿ.

ಭಾನುವಾರ ಮೇಘನಳಿಗೆ ಸಮಾಧಾನಕರ ಬಹುಮಾನ ಬಂತು. ಮಾಟಗಾತಿ ಕಾರ್ಟೂನಿನ ಹಾಗಿರಲಿಲ್ಲ, ಯಾರದೋ ಮನೆಯ ಅಜ್ಜಿಯ ಹಾಗಿದ್ದಳು, ಆದರೂ ಎದುರಿಗೆ ನಿಲ್ಲಲು ಭಯವಾಯಿತು ಎಂದರಂತೆ ತೀರ್ಪುಗಾರರು. ಮುಖವಾಡವನ್ನು ಎಸೆಯುವ ಮಾತೇ ಇಲ್ಲ, ನನ್ನ ಪಂಗಡ ನಿಮಗೆ ಗೊತ್ತಲ್ಲ. ಊಟದ ಮನೆಯ ಗೋಡೆಗೆ ನೇತು ಹಾಕಿದೆವು.

ಇದು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮೊನ್ನೆ ತಲೆಸುತ್ತು ಎಂದು ಡಾಕ್ಟರ ಬಳಿ ಹೋದೆ. ಬಿ.ಪಿ. ನೋಡಿ, ಉಪ್ಪು ಬಿಡಿ ಎಂದರು. ಅಂದೇ ಮೇಘನ ಜಾಡಿಯನ್ನು ಮೇಲಿನ ಶೆಲ್ಫಿಗೆ ಏರಿಸಿ, ತಾನೇ ಅಡುಗೆ ಮಾಡಿ ಬಡಿಸಿದಳು. ಆ ಶಿಸ್ತಿನಲ್ಲಿ ಅವಳಿಗೂ ಸ್ವಲ್ಪ ಖುಷಿ ಇದ್ದಂತೆ ಕಂಡಿತು. ಮೊದಲ ತುತ್ತು ಬಾಯಿಗಿಟ್ಟೆ. “ಉಪ್ಪು ಕಮ್ಮಿ ಕಣವ್ವ” ಎಂಬ ಮಾತು ಹೊರಗೆ ಬಂತು. ಆ ದನಿ ನನ್ನದಲ್ಲ, ನನ್ನ ತುಟಿಯ ಎಡಗೊನೆ ಕೆಳಕ್ಕೆ ಇಳಿದದ್ದು ನನಗೇ ತಿಳಿಯುತ್ತಿತ್ತು. ಯಜಮಾನರ ಕೈಯಲ್ಲಿದ್ದ ಮುದ್ದೆ ಹಾಗೇ ನಿಂತಿತು. “ನಾಳೆ ಹಾಕ್ತೀನಿ ಅಮ್ಮ, ಸುಮ್ನೆ ತಿನ್ನು” ಎಂದಳು ಮೇಘನ. ಈ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ತಲೆ ಎತ್ತಿ ಗೋಡೆ ನೋಡಿದೆ. ಮುಖವಾಡದ ಬಾಯಿಯ ಎಡಗೊನೆ ಮೇಲಕ್ಕೆ ಎದ್ದಿತ್ತು. ಮಳೆಗಾಲದ ತೇವಕ್ಕೆ ಕಾಗದ ಹಾಗೇ ಉಬ್ಬುತ್ತದೆ ಎಂದರು ಯಜಮಾನರು. ನಾನು ಉಪ್ಪಿಲ್ಲದ ಸಾರನ್ನು ಸುಮ್ಮನೆ ಉಂಡು ಎದ್ದೆ.