ಕಾರು ನನ್ನದು, ಕಾರುಬಾರು ಅವರದು

ಹಳೆಯ ಕಾರು ಕೊಳ್ಳುವವರು ಎಂಜಿನ್ನಿಗೆ ಕಿವಿ ಕೊಡುತ್ತಾರೆ, ಟೈರಿಗೆ ಒದೆಯುತ್ತಾರೆ, ಬಾನೆಟ್ ಎತ್ತಿ ಏನೂ ಅರ್ಥವಾಗದಿದ್ದರೂ ‘ಹೂಂ’ ಅನ್ನುತ್ತಾರೆ. ನಾನೂ ಅಷ್ಟನ್ನೂ ಮಾಡಿದೆ. ಆದರೆ ಮಾರುವವರನ್ನು ಒದ್ದು ನೋಡುವ ಪದ್ಧತಿ ನಮ್ಮ ತೈಪಿಂಗ್ ಊರಿನಲ್ಲಿ ಇಲ್ಲ. (ಇದ್ದಿದ್ದರೂ ನನಗೆ ಧೈರ್ಯ ಬರುತ್ತಿರಲಿಲ್ಲ. ಅವರು ನನ್ನ ಐದನೇ ಕ್ಲಾಸಿನ ಟೀಚರು.)

ಕಾರಿನ ಯೋಚನೆ ಹುಟ್ಟಿದ್ದು ನನ್ನ ತಲೆಯಲ್ಲಲ್ಲ, ಬೆನ್ನ ಹಿಂದೆ. ನನ್ನ ಹೆಂಡತಿ ಮಸ್ತುರಾ ಮನೆಯಲ್ಲೇ ಕುಯೆ ಮಾಡಿ ಮಾರುತ್ತಾಳೆ. ಅಕ್ಕಿಹಿಟ್ಟು, ತೆಂಗಿನಹಾಲು, ತಾಳೆಬೆಲ್ಲದ ಸಿಹಿ. ಮದುವೆಯಾದಾಗಿನಿಂದ ಆ ತಟ್ಟೆಗಳನ್ನು ಹಿಡಿದುಕೊಂಡು ನನ್ನ ಬೈಕಿನ ಹಿಂದೆ ಕೂತು ಬಂದವಳು. ತೈಪಿಂಗಿನಲ್ಲಿ ಮಳೆ ಬರುತ್ತದೆ ಅನ್ನುವುದು ತಪ್ಪು, ಬಂದ ಮಳೆ ಹೋಗುವುದಿಲ್ಲ ಅನ್ನಬೇಕು. ಒಂದು ದಿನ ಮದುವೆಮನೆಗೆ ಹೊರಟ ಕುಯೆಗಳೆಲ್ಲ ದಾರಿಯಲ್ಲೇ ಪಾಯಸವಾದವು.

“ಅಬಂಗ್,” ಎಂದಳು. (ನಮ್ಮಲ್ಲಿ ಗಂಡನನ್ನು ಪ್ರೀತಿಯಿಂದ ಕರೆಯುವುದೇ ಹೀಗೆ. ಅವಳ ಬಾಯಲ್ಲಿ ಅದು ಕೋರ್ಟಿನ ಕೂಗಿನ ಹಾಗೆ ಕೇಳುತ್ತದೆ.) “ಈ ಮನೆಗೆ ಕಾರು ಬರಬೇಕು, ಇಲ್ಲಾ ನಾನು ಅಮ್ಮನ ಮನೆಗೆ ಹೋಗಬೇಕು.”

“ಅಲ್ಲಿಗೂ ಬೈಕಲ್ಲೇ ಬಿಡಬೇಕಲ್ಲೇ!”

ಹಾಸ್ಯವೆಂದುಕೊಂಡು ಹೇಳಿದೆ. ಅವತ್ತು ಅವಳು ಒಲೆ ಹಚ್ಚಲಿಲ್ಲ.

ನೀರು ಸರಬರಾಜು ಕಚೇರಿಯ ನನ್ನಂಥ ಗುಮಾಸ್ತನಿಗೆ ಎಟುಕುವ ಕಾರುಗಳನ್ನು ಹುಡುಕಿಕೊಂಡು ಊರೆಲ್ಲ ಅಲೆದೆ. ಒಂದರ ತುಂಬ ಒಣಮೀನಿನ ವಾಸನೆ. ಇನ್ನೊಂದರಲ್ಲಿ ಕಾಲಡಿಯ ಮ್ಯಾಟ್ ಎತ್ತಿದರೆ ನೇರ ಭೂಮಿಯ ದರ್ಶನ. ಕೊನೆಗೆ ಸಿಕ್ಕ ಸುದ್ದಿ: ಚಿಗು ನೊರ್ಮಾ ತಮ್ಮ ಬಿಳಿ ಕಂಚಿಲ್ ಮಾರುತ್ತಾರಂತೆ. ಕಂಚಿಲ್ ಎಂದರೆ ನಮ್ಮ ಕಾಡಿನ ಗಿಡ್ಡ ಜಿಂಕೆ, ಕಾರೂ ಅಷ್ಟೇ ಗಿಡ್ಡ. ಚಿಗು ಎಂದರೆ ಗುರುಗಳು. ಇವರು ಗಿಡ್ಡಗಿದ್ದರೂ ಜಿಂಕೆಯಲ್ಲ. ಕಣ್ಣು ಮಂಜಾದ್ದರಿಂದ ಡಾಕ್ಟರು ಸ್ಟಿಯರಿಂಗ್ ಮುಟ್ಟಕೂಡದು ಎಂದಿದ್ದರು.

“ಹಸ್ಬುಲ್ಲಾ! ಇನ್ನೂ ಗೂನು ಹಾಕ್ಕೊಂಡೇ ನಿಲ್ತೀಯಲ್ಲೋ?” ಎಂದರು ಗೇಟಿನಲ್ಲೇ. ಐವತ್ತರ ಹತ್ತಿರ ಬಂದ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

“ಸಿಗರೇಟು?”

“ಬಿಟ್ಟಿದೀನಿ, ಚಿಗು.”

“ಯಾವಾಗ?”

“ಈಗ.”

ಕಾರು ಹೊಸ ಸೋಪಿನ ಹಾಗೆ ಹೊಳೆಯುತ್ತಿತ್ತು. ಚಿಗು ಹೇಳಿದ ಬೆಲೆ ಪೇಟೆಯ ಬೆಲೆಯ ಅರ್ಧ. “ಇದನ್ನ ದಲ್ಲಾಳಿ ಕೈಗೆ ಕೊಡೋಕೆ ಮನಸ್ಸಿಲ್ಲ. ನೀನು ಓದಿನಲ್ಲಿ ದಡ್ಡ, ಆದ್ರೆ ಕೆಟ್ಟವನಲ್ಲ. ಒಂದೇ ಮಾತು, ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ.”

ಪಾಪ, ಮುದುಕಿ, ಹಬ್ಬಕ್ಕೊಮ್ಮೆ ಬಂದಾರು ಅಂದುಕೊಂಡು ಒಪ್ಪಿದೆ. ಬೈಕನ್ನು ಮಾರಿ, ಕಡಿಮೆ ಬಿದ್ದದ್ದನ್ನು ಸೇರಿಸಿ, ಕಾರನ್ನು ಮೆರವಣಿಗೆಯ ಠೀವಿಯಲ್ಲಿ ಮನೆಗೆ ತಂದೆ.

ಚಿಗು ಮಾರನೆಯ ಬೆಳಿಗ್ಗೆಯೇ ಬಂದರು. ಕೊಡೆ ಊರಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಸವರಿ, “ಬಿಸಿಲಲ್ಲಿ ನಿಲ್ಲಿಸಿದೀಯಾ?” ಎಂದರು. ಕಾರನ್ನು ನೆರಳಿಗೆ ತಳ್ಳಿದೆ. “ಸರಿ, ಹೇಗೂ ಕದಲ್ಸಿದೀಯಲ್ಲ, ನನ್ನ ಆಸ್ಪತ್ರೆಗೆ ಬಿಡು.” ಆಸ್ಪತ್ರೆಯಾದ ಮೇಲೆ ಸಂತೆ. ಸಂತೆಯಾದ ಮೇಲೆ ಯಾರದೋ ಮನೆಯ ಬಾಣಂತಿ. ಹೀಗೆ ನನ್ನ ರಜೆಗಳೆಲ್ಲ ಚಿಗುವಿನ ಸೇವೆಗೆ ಸಂದವು. ಕಣ್ಣು ಕಾಣದಿದ್ದರೇನು, ಕಿವಿಯಿಂದಲೇ ಕಾರು ಓಡಿಸುತ್ತಿದ್ದರು.

“ಗೇರು! ಎಂಜಿನ್ ಅಳ್ತಾ ಇರೋದು ಕೇಳ್ಸಲ್ವಾ? ಕ್ಲಚ್ ಮೇಲೇ ಕಾಲಿಟ್ಟಿದೀಯ, ಅದೇನು ಕಾಲುಮಣೆನಾ?”

ಇಷ್ಟು ಮಾತನ್ನು ಕಚೇರಿಯಲ್ಲಿ ಸಾಹೇಬರೂ ಅಂದವರಲ್ಲ. ಮನೆಗೆ ಬಂದು ಮಸ್ತುರಾಳ ಮುಂದೆ ಗುಡುಗಿದೆ.

“ಇನ್ಮೇಲೆ ಬರಬೇಡಿ ಅಂತ ಹೇಳಿ,” ಎಂದಳು.

“ನೀನೇ ಹೇಳು.”

“ನಿಮ್ಮ ಟೀಚರು.”

“ಅದಕ್ಕೇ ಹೇಳ್ತಿರೋದು, ನೀನೇ ಹೇಳು ಅಂತ!”

“ಥೂ, ಮೀಸೆ ಯಾಕೆ ಬಿಟ್ಟಿದೀರೋ!” ಎಂದು ತಲೆಬಟ್ಟೆ ಬಿಗಿದುಕೊಂಡು, ಇನ್ನೂ ಕಾರಿನ ಬಳಿಯೇ ನಿಂತಿದ್ದ ಚಿಗುವಿನತ್ತ ಹೊರಟಳು. ನಾನು ಕಿಟಕಿಯ ಪರದೆಯ ಹಿಂದೆ ನಿಂತೆ. ಜಗಳ ಶುರುವಾದಂತೆ ಕಂಡಿತು. ಆಮೇಲೆ ಇಬ್ಬರೂ ಕಾರಿನೊಳಗೆ ಕೂತರು. ಆಮೇಲೆ ನಗು ಕೇಳಿಸಿತು. ಹೆಂಗಸರ ಜಗಳ ನಗುವಿಗೆ ತಿರುಗಿತೆಂದರೆ ಯಾವನೋ ಗಂಡಸಿಗೆ ಕೇಡು ಕಾದಿದೆ ಎಂದೇ ಅರ್ಥ. ಆ ಗಂಡಸು ಯಾರೆಂದು ಯೋಚಿಸುವಷ್ಟರಲ್ಲಿ ಒಳಗೆ ಬಂದಳು.

“ನಾನು ಡ್ರೈವಿಂಗ್ ಕಲೀತೀನಿ.”

“ನೀನಾ? ಎಡ ಬಲ ಗೊತ್ತಾಗುತ್ತಾ ನಿನಗೆ?”

“ನೀವು ಎಡಕ್ಕೆ ಮಲಗ್ತೀರ, ಗೊರಕೆ ಎಡಗಿವಿಗೆ ಕೇಳುತ್ತೆ, ಬಲಗಿವಿಗೆ ನೆಮ್ಮದಿ. ಅಷ್ಟು ಸಾಕು.”

ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮನೆಪಾಠ ಮಾತ್ರ ಚಿಗುವಿನದೇ, ಶಾಲೆಯ ಮೈದಾನದಲ್ಲಿ, ಎರಡು ಬಕೆಟ್ ನಡುವೆ. ಫೇಲಾಗಲೆಂದು ಮನಸ್ಸಿನಲ್ಲೇ ಹರಸುತ್ತಿದ್ದೆ. ಮೊದಲ ಸಲಕ್ಕೇ ಪಾಸಾದಳು. (ನಾನು ಎಷ್ಟನೇ ಸಲಕ್ಕೆ ಪಾಸಾದೆ ಎಂಬುದು ಈ ಕಥೆಗೆ ಬೇಡ.)

ಅಲ್ಲಿಂದ ಕುಯೆಯ ವ್ಯಾಪಾರ ಉಬ್ಬಿತು. ಬೆಳಿಗ್ಗೆ ನಾನು ಷರ್ಟಿನ ಗುಂಡಿ ಹಾಕಿಕೊಳ್ಳುವುದರೊಳಗೆ ಕಾರು ಹೊರಟುಹೋಗಿರುತ್ತಿತ್ತು. ಕಾರಿನ ಮಾಲೀಕನಾದ ನಾನು ಬಸ್ಸಿನಲ್ಲಿ ನೇತಾಡುತ್ತ ಕಚೇರಿಗೆ ಹೋದೆ. ಅಕ್ಕಪಕ್ಕದವರು, “ಮಸ್ತುರಾ ಅವರ ಕಾರು ಚೆನ್ನಾಗಿದೆ” ಎನ್ನತೊಡಗಿದರು.

ಆಗ ನಿರ್ಧರಿಸಿದೆ: ಮಾರಿಬಿಡುವುದೇ. ಇದ್ರಿಸ್ ಎಂಬ ದರ್ಜಿಯನ್ನು ಗುಟ್ಟಾಗಿ ಮನೆಗೆ ಕರೆತಂದೆ. ಅವನು ಟೈರಿಗೆ ಒದ್ದ ಸದ್ದಿಗೆ ಅಡುಗೆಮನೆಯಿಂದ ಚಿಗು ಹೊರಬಂದರು, ಹಿಂದೆ ಹಿಟ್ಟಿನ ಕೈಯ ಮಸ್ತುರಾ.

“ಯಾರದು ಒದ್ದಿದ್ದು?”

ಇದ್ರಿಸನ ಮುಖ ಬಿಳುಚಿತು. ಅಲಾಮಾಕ್, ಅಯ್ಯಯ್ಯೋ! ಈ ಊರಿನಲ್ಲಿ ಚಿಗುವಿನ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದವರು ಯಾರಿದ್ದಾರೆ?

“ಇದ್ರಿಸ್ ಅಲ್ವೇನೋ? ಏಳರ ಮಗ್ಗಿ ಬಂತಾ?”

ಏಳೆಂಟ್ಲಿಯಲ್ಲಿ ತೊದಲಿದ. ಏಳೊಂಬತ್ಲಿಗೆ ಕಾಯದೆ ತನ್ನ ಸೈಕಲ್ ಹತ್ತಿದ.

ಮಸ್ತುರಾ ನನ್ನತ್ತ ತಿರುಗಿದಳು. “ನನ್ನ ಕೇಳದೆ ಮಾರೋಕೆ ಹೊರಟ್ರಾ?”

“ಕಾರು ನಂದು!”

“ಇಷ್ಟು ವರ್ಷ ನಿಮ್ಮ ಬೈಕಿನ ಹಿಂದೆ ಕೂತೆ. ಎಲ್ಲಿಗೆ ಅಂತ ನೀವು ಕೇಳಿದ್ದುಂಟಾ? ನಿಮ್ಮ ಹೊಟ್ಟೆ ಉರೀತಿರೋದು ಕಾರಿಗಲ್ಲ ಅಬಂಗ್. ನಾನೊಬ್ಬಳೇ ಹೋಗಿ ಬರ್ತೀನಲ್ಲ, ಅದಕ್ಕೆ.”

ಸಿಕ್ಕಿಬಿದ್ದ ಗಂಡಸು ಮಾಡುವುದನ್ನೇ ಮಾಡಿದೆ, ಕೂಗಾಡಿದೆ. “ನಾಳೆಯೇ ಮಾರ್ತೀನಿ! ಯಾರಿಗಾದರೂ ಸರಿ!”

ಚಿಗು ಕೊಡೆ ಎತ್ತಿಕೊಂಡರು. “ಯಾರಿಗೋ ಯಾಕೆ? ಕೊಟ್ಟ ಬೆಲೆಗೇ ನಾನು ವಾಪಸ್ ತಗೋತೀನಿ.”

ಆ ಕ್ಷಣದ ಆನಂದ ಏನೆಂದು ಹೇಳಲಿ! ನಷ್ಟವಿಲ್ಲ, ಚಿಗುವಿಲ್ಲ, ಹೆಂಡತಿಗೆ ಕಾರಿಲ್ಲ. ಮರುದಿನವೇ ಕಾಗದಪತ್ರ ಮುಗಿಸಿ, ಕೀಲಿ ಅವರ ಕೈಗಿಟ್ಟು, ಒಬ್ಬನೇ ಹೋಟೆಲಿಗೆ ಹೋಗಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಸಾತೆ ಎರಡು ಪ್ಲೇಟ್ ತಿಂದೆ. ಮನೆಯಲ್ಲಿ ಮಸ್ತುರಾ ತಲೆ ತಗ್ಗಿಸಿ ಕುಯೆಯ ತಟ್ಟೆ ತೊಳೆಯುತ್ತಿದ್ದಳು. ಸೋತಳು ಅಂದುಕೊಂಡೆ. ಒಂದಿಷ್ಟು ಕನಿಕರವೂ ಬಂತು.

ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ನೆರಳಿನಲ್ಲಿ ಬಿಳಿ ಕಂಚಿಲ್ ನಿಂತಿತ್ತು. ಪಕ್ಕದಲ್ಲಿ ಚಿಗು.

“ಮತ್ತೆ ಯಾಕೆ ತಂದ್ರಿ? ನಾನು ತಗೊಳಲ್ಲ!”

“ನಿನಗೆ ಯಾರು ಕೊಟ್ರು? ಮಸ್ತುರಾ ಹೆಸರಿಗೆ ಮಾಡಿಸಿದೀನಿ, ಅವಳೇ ಓಡಿಸ್ಕೊಂಡು ಬಂದ್ಲು. ಕಣ್ಣು ಹೋದವಳ ಮನೇಲಿ ಕಾರು ತುಕ್ಕು ಹಿಡಿಯುತ್ತೆ. ಅವಳು ಸಂಪಾದಿಸಿ ನಿಧಾನಕ್ಕೆ ತೀರಿಸ್ತಾಳೆ. ತೀರಿಸದಿದ್ರೂ ಸರಿ, ನನ್ನನ್ನ ಸುತ್ತಾಡಿಸ್ತಾಳೆ.”

ಕಿರುಚಬೇಕೆನಿಸಿತು. ಆದರೆ ಕಚೇರಿಗೆ ಹೊತ್ತಾಗಿತ್ತು, ಬಸ್ಸು ಹೋಗಿಯಾಗಿತ್ತು. ಮಸ್ತುರಾ ಬಂದು ಸ್ಟಿಯರಿಂಗ್ ಮುಂದೆ ಕೂತಳು, ಚಿಗು ಅವಳ ಪಕ್ಕ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು.

ಗಂಟಲು ಸರಿಮಾಡಿಕೊಂಡೆ. “ಕಚೇರಿ ದಾರೀಲೇ ಹೋಗ್ತೀಯಾ?”

ಮಸ್ತುರಾ ಚಿಗುವಿನ ಮುಖ ನೋಡಿದಳು. ಚಿಗು ಕೊಡೆಯಿಂದ ಹಿಂದಿನ ಸೀಟು ತೋರಿಸಿದರು. ನಾನು ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ತೂರಿ, ಉಳಿದಿದ್ದ ಸಿಟ್ಟನ್ನೆಲ್ಲ ಸೇರಿಸಿ ಬಾಗಿಲು ಎಳೆದುಕೊಂಡೆ.

ಮುಂದಿನ ಎರಡೂ ಸೀಟುಗಳಿಂದ ಒಂದೇ ಉಸಿರಿಗೆ ಬಂತು: “ಮೆಲ್ಲಗೆ!”