ನನ್ನ ಒಂದು ಹಿಡಿ

ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದೆ, ಮಂಡಿ ಮೊಹಲ್ಲಾದ ರದ್ದಿ ಅಂಗಡಿಗಳಲ್ಲಿ ತೂಕಕ್ಕೆ ಕೊಂಡ ಪುಸ್ತಕಗಳಿಂದಲೇ ವಿದ್ಯೆ ಸಂಪಾದಿಸಿದವನು ನಾನು. ಒಂದು ಪುಸ್ತಕ ಹೇಳಿದ್ದನ್ನು ಅದೇ ಕಟ್ಟಿನ ಇನ್ನೊಂದು ಪುಸ್ತಕ ಅಲ್ಲಗಳೆಯುವುದನ್ನು ಕಂಡು ಕಂಡು ಸಂಶಯವೇ ನನ್ನ ಸ್ವಭಾವವಾಯಿತು. ಸಿದ್ಧಾರ್ಥನಗರದ ನಮ್ಮ ಬೀದಿಯ ತುದಿಯ ಹೊಂಗೆಮರವನ್ನು ಮಹಾರಾಜರು ಸ್ವಹಸ್ತದಿಂದ ನೆಟ್ಟರೆಂದು ಎಲ್ಲರೂ ಹೇಳುತ್ತಾರೆ. ಬಡಾವಣೆಯೇ ಇಲ್ಲದ ಕಾಲದಲ್ಲಿ, ಮುಂದೆ ಬರಲಿರುವ ಮೋರಿಗೆ ಸರಿಯಾಗಿ ಜಾಗ ಬಿಟ್ಟು ಅವರು ನೆಟ್ಟದ್ದು ಹೇಗೆ ಎಂದು ಕೇಳಿದವನು ನಾನೊಬ್ಬನೇ. ಅಂದಿನಿಂದ ಬೀದಿಯವರು ನನ್ನೆದುರು ಮಳೆ ಬಂತೆನ್ನುವುದಕ್ಕೂ ಹಿಂದೆಮುಂದೆ ನೋಡುತ್ತಾರೆ.

ಇಂಥ ನನ್ನನ್ನು ಒಪ್ಪಿಸುವ ಕಷ್ಟ ಮೊಮ್ಮಗಳು ಚೈತ್ರಳ ಪಾಲಿಗೆ ಬಂತು. ದ್ವಿತೀಯ ಪಿಯುಸಿ ಓದುತ್ತಿರುವ ಆಕೆ ಪಶುವೈದ್ಯೆಯಾಗುತ್ತೇನೆಂದಳು. "ಮನುಷ್ಯರ ಡಾಕ್ಟ್ರೇ ಆಗ್ಬಾರ್ದೇನೆ?" ಎಂದು ನನ್ನ ಸೊಸೆ ಗೋಳಾಡಿದಳು. ಮಗ ಜಾಣ. "ದಸರಾ ರಜೆಯೊಳಗೆ ತಾತನನ್ನ ಒಪ್ಸು, ನಾನು ಅಡ್ಡ ಬರಲ್ಲ. ಇಲ್ದಿದ್ರೆ ಅಮ್ಮ ಹೇಳಿದ ಕೋಚಿಂಗಿಗೆ ಸೇರ್ಕೋ" ಎಂದ. ನನ್ನನ್ನು ಯಾರೂ ಒಪ್ಪಿಸಲಾರರೆಂಬ ಧೈರ್ಯ ಅವನದು.

ಬೇರೆ ಸೀಟು ಸಿಗದವರೇ ದನದ ಡಾಕ್ಟರಾಗುತ್ತಾರೆಂಬ ಊರ ಮಾತನ್ನು ನಾನು ಎಂದೂ ನಂಬಿರಲಿಲ್ಲ. ನನ್ನ ಆಕ್ಷೇಪಣೆ ಬೇರೆಯೇ ಇತ್ತು. "ಬಾಯಿರೋ ರೋಗಿಗಳೇ ನಿಜ ಹೇಳಲ್ಲ. ಬಾಯಿಲ್ಲದ ರೋಗಿಯಿಂದ ಹೇಗಮ್ಮ ನಿಜ ತಿಳ್ಕೋತೀಯ?" ಎಂದೆ.

"ಅದನ್ನ ಕಲಿಯೋಕೇ ಹೋಗ್ತೀನಿ ಅಂತಿರೋದು, ತಾತ" ಎಂದಳು. ಉತ್ತರ ಚೆನ್ನಾಗಿತ್ತು, ಆದ್ದರಿಂದಲೇ ಒಪ್ಪಲಿಲ್ಲ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆಯಿಟ್ಟು, ಹಸುವಿಗೊಂದು ತುತ್ತು ಕೊಡದೆ ನಾವು ಎಲೆಯ ಮುಂದೆ ಕೂರುವುದಿಲ್ಲ. ನಮ್ಮ ಬೀದಿಯಲ್ಲಿ ತೀರಿಹೋದ ಹಿರಿಯರು ಬಹಳ. ಹಸು ಮಾತ್ರ ಒಂದೇ, ಹಿಂದಿನ ಬೀದಿಯಲ್ಲಿ ಹಾಲು ಮಾರುವ ಪುಟ್ಟತಾಯಮ್ಮನ ಗೌರಿ. ಅದು ಗೇಟಿನಿಂದ ಗೇಟಿಗೆ ಬಂದು ಎಲ್ಲರ ಪಿತೃಗಳ ಪರವಾಗಿ ಉಂಡಿತು. ನಮ್ಮ ತಂದೆ ಊಟದಲ್ಲಿ ಕೈ ಬಿಗಿ ಹಿಡಿದವರಲ್ಲ. ಅವರ ಹೆಸರಿನಲ್ಲಿ ನಾನೂ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಪುಟ್ಟತಾಯಮ್ಮ ಬೀದಿಯಲ್ಲಿ ನಿಂತು ಕೂಗಿದಳು. "ಅಯ್ಯೋ, ಬನ್ನಿ ಸ್ವಾಮಿ! ಗೌರಿ ಮೆಲುಕೇ ಆಕ್ತಿಲ್ಲ. ಒಟ್ಟೆ ಡೊಳ್ಳಾಗ್ಬುಟ್ಟದೆ. ಇದೊಂದೇ ಕಣ್ರೀ ನನ್ ಜೀವ್ನಕ್ಕೆ!"

ಬೀದಿಗೆ ಬೀದಿಯೇ ಅವಳ ಕೊಟ್ಟಿಗೆಯಲ್ಲಿ ಸೇರಿತು. ಪಶುವೈದ್ಯರು ಬಂದು ಗೌರಿಯ ಎಡ ಪಕ್ಕೆಯನ್ನು ಒತ್ತಿ, ಬಡಿದು, ಕಿವಿಗೊಟ್ಟು ಕೇಳಿದರು. ಅನಂತರ ನಮ್ಮ ಕಡೆ ತಿರುಗಿದರು. "ಅನ್ನ ಒಳಗೆ ಹುಳಿ ಬಂದಿದೆ. ನಿನ್ನೆ ಯಾರ್ಯಾರು ಎಷ್ಟೆಷ್ಟು ಹಾಕಿದ್ರಿ? ನಿಜ ಹೇಳಿ, ಔಷಧಿ ಅದರ ಮೇಲಿದೆ."

"ಒಂದು ಹಿಡಿ" ಎಂದರು ಎದುರು ಮನೆಯವರು. "ನಮ್ಮದೂ ಒಂದೇ ಹಿಡಿ" ಎಂದರು ಪಕ್ಕದವರು. ನನ್ನ ಸರದಿ ಬಂತು. "ಶಾಸ್ತ್ರಕ್ಕೆ ಒಂದು ಹಿಡಿ, ಅಷ್ಟೇ ಡಾಕ್ಟ್ರೇ" ಎಂಬ ಮಾತು ನನ್ನ ಬಾಯಿಂದಲೂ ಗಂಭೀರವಾಗಿಯೇ ಹೊರಟಿತು.

"ಇಲ್ಲ ಸಾರ್" ಎಂದಳು ಹಿಂದಿನಿಂದ ಚೈತ್ರ. "ತಾತ ಹಾಕಿದ್ದು ಒಂದು ಬೇಸಿನ್ ತುಂಬ. ಅದರ ಮೇಲೆ ಪಾಯಸ. ಎದುರು ಮನೆಯವರು ಕುಕ್ಕರನ್ನೇ ಬೋರಲು ಹಾಕಿದ್ರು. ಮಹಡಿಯಿಂದ ನೋಡ್ದೆ."

ಪುಟ್ಟತಾಯಮ್ಮ ಅಷ್ಟು ದುಃಖದಲ್ಲೂ ನನ್ನ ಕೈಯನ್ನು ದಿಟ್ಟಿಸಿದಳು. "ಏನ್ ಸ್ವಾಮಿ, ನಿಮ್ ಇಡಿ ಅಷ್ಟ್ ದೊಡ್ಡದಾ?"

ವೈದ್ಯರು ನಗಲಿಲ್ಲ, ಬಯ್ಯಲೂ ಇಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ ಗ್ಯಾಸ್ ತೆಗೆದರು. ಚೈತ್ರ ಹೇಳಿದ ಲೆಕ್ಕದಂತೆ ಔಷಧಿ ಕೊಟ್ಟು, "ದಿನಾ ಇದೇ ಕತೆ ಕಣಮ್ಮ. ಹಸು ನಿಜವನ್ನೇ ಹೇಳುತ್ತೆ, ಕಷ್ಟ ಇರೋದು ಜೊತೆಗೆ ಬಂದವರದ್ದು" ಎಂದು ಅವಳಿಗೆ ಹೇಳಿದರು. ಸಂಜೆ ಗೌರಿ ಮೆಲುಕು ಹಾಕಿತು.

ದಸರಾ ರಜೆ ಮುಗಿಯುವ ಮುಂಚೆಯೇ ನಾನು ಒಪ್ಪಿದೆ. ದೀರ್ಘ ವಿಚಾರದ ನಂತರ ಒಪ್ಪಿದೆನೆಂದು ಬೀದಿಯಲ್ಲಿ ಹೇಳಿಕೊಂಡೂ ಬಂದೆ. ಈಗ ಹಬ್ಬಹರಿದಿನ ಬಂದರೆ ಪುಟ್ಟತಾಯಮ್ಮ ಗೌರಿಯನ್ನು ನಮ್ಮ ಗೇಟಿಗೆ ಕರೆತರುತ್ತಾಳೆ. ಆದರೆ ನನ್ನ ಮುಷ್ಟಿ ಬಿಚ್ಚಿಸಿ ನೋಡದೆ ಹಗ್ಗ ಸಡಿಲಿಸುವುದಿಲ್ಲ. ಆಕ್ಷೇಪಿಸುವಂತೆಯೂ ಇಲ್ಲ. ಕಣ್ಣಾರೆ ಕಾಣದೆ ಯಾವುದನ್ನೂ ನಂಬಬಾರದೆಂದು ಬೀದಿಗೆಲ್ಲ ಬೋಧಿಸಿದವನು ನಾನೇ.