ಮಾರ್ಟಿನ್ನನ ಹೊಟ್ಟೆನೋವು ಮತ್ತು ನನ್ನ ಬಾಯಿ

ನಮ್ಮಲ್ಲಿ ಕಾಯಿಲೆ ಬಿದ್ದವನಿಗೆ ಇರುವುದು ಒಂದೇ ಕೆಲಸ, ಕಾಯಿಲೆ ಬೀಳುವುದು. ಮಿಕ್ಕದ್ದನ್ನೆಲ್ಲ ಜೊತೆಗೆ ಹೋದವರು ನೋಡಿಕೊಳ್ಳುತ್ತಾರೆ. ನೋವು ಎಲ್ಲಿ, ಯಾವಾಗಿನಿಂದ, ನಿನ್ನೆ ಏನು ತಿಂದ, ಬೆಳಿಗ್ಗೆ ಸಲೀಸಾಗಿ ಆಯಿತೋ ಇಲ್ಲವೋ, ಇದನ್ನೆಲ್ಲ ಡಾಕ್ಟರು ಕೇಳುವುದೂ ಅವರನ್ನೇ, ಹೇಳುವುದೂ ಅವರೇ. ನಾನು ಈ ವಿದ್ಯೆಯಲ್ಲಿ ಪಳಗಿದವನು. ಅಪ್ಪನ ಮಂಡಿ, ಅತ್ತೆಯ ಪಿತ್ತಕೋಶ, ಹೆಂಡತಿಯ ಥೈರಾಯ್ಡ್, ಎಲ್ಲದರ ಬಗ್ಗೆಯೂ ಅವುಗಳ ಒಡೆಯರಿಗಿಂತ ಚೆನ್ನಾಗಿ ಮಾತನಾಡಬಲ್ಲೆ. ಒಮ್ಮೆ ಅತ್ತೆ ಡಾಕ್ಟರ ಮುಂದೆ ತಾವೇ ಬಾಯಿ ತೆರೆದಾಗ, "ನಿಮಗೆ ಗೊತ್ತಾಗಲ್ಲ ಅತ್ತೆ, ನಾನ್ ಹೇಳ್ತೀನಿ" ಎಂದು ತಡೆದಿದ್ದೇನೆ. ಇಂಥ ನನ್ನ ಪಾಲಿಗೆ ಜರ್ಮನಿಯ ಮಾರ್ಟಿನ್ ಬಂದ.

ಮಾರ್ಟಿನ್ ಪೀಣ್ಯದ ನಮ್ಮ ಕಾರ್ಖಾನೆಗೆ ಗ್ರೈಂಡಿಂಗ್ ಮಷೀನುಗಳನ್ನು ಕೂರಿಸಲು ಬಂದು ಒಂದೂವರೆ ವರ್ಷವಾಗಿತ್ತು. ನಾನು ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ನಟ್ಟು ಬೋಲ್ಟಿನಿಂದ ಹಿಡಿದು ಸೊಳ್ಳೆಪರದೆಯವರೆಗೆ ಅವನಿಗೆ ಬೇಕಾದದ್ದನ್ನೆಲ್ಲ ನಾನೇ ಒದಗಿಸುತ್ತಿದ್ದುದರಿಂದ, ಅವನ ಆರೋಗ್ಯವೂ ನನ್ನ ಇಲಾಖೆಗೇ ಸೇರಿದ್ದೆಂದು ಮ್ಯಾನೇಜರು ತೀರ್ಮಾನಿಸಿದ್ದರು. ಒಂದು ಸೋಮವಾರ ಬೆಳಿಗ್ಗೆ ಅವನಿಗೆ ಹೊಕ್ಕುಳ ಸುತ್ತ ನೋವು ಕಾಣಿಸಿಕೊಂಡಿತು. ನಾನು ಅವನ ಮುಖವನ್ನೊಮ್ಮೆ ನೋಡಿ, "ಹೀಟು" ಎಂದೆ. ಮಷೀನ್ ಶಾಪಿನವರೆಲ್ಲ ಬಂದು ನೋಡಿ ಹೀಟೇ ಎಂದರು. ಮಾರ್ಟಿನ್ ಥರ್ಮಾಮೀಟರು ತೋರಿಸಿ ಜ್ವರವಿಲ್ಲ ಎಂದ. ಹೀಟಿಗೂ ಥರ್ಮಾಮೀಟರಿಗೂ ಸಂಬಂಧವಿಲ್ಲವೆಂದು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ನಾವು ಏಳು ಜನ ಸೋತೆವು. ಕೊನೆಗೆ ಎರಡು ಎಳನೀರು, ಒಂದು ಚೊಂಬು ಮೆಂತ್ಯ ಹಾಕಿದ ಮಜ್ಜಿಗೆ ಕುಡಿಸಿದೆವು. ಸಂಜೆಯ ಹೊತ್ತಿಗೆ ನೋವು ಬಲಗಡೆಗೆ ಸರಿಯಿತು. "ಹೊರಟಿದೆ, ಬೆಳಿಗ್ಗೆ ಹೊತ್ತಿಗೆ ಹೋಗಿಬಿಡುತ್ತೆ" ಎಂದು ಧೈರ್ಯ ಹೇಳಿ ಮನೆಗೆ ಕಳಿಸಿದೆ.

ಮಂಗಳವಾರ ಅವನು ಕೆಲಸಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಅವನ ಮನೆ ಓನರ್ ಜಯಮ್ಮನವರು ಆಗಲೇ ಚಿಕಿತ್ಸೆ ಶುರು ಮಾಡಿದ್ದರು. ಅವರ ರಾಗಿ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು ಬೆಳೆದಿವೆ, ಬಚ್ಚಲೊಲೆ ಮಾತ್ರ ಹಳೆಯದೇ ಇದೆ. "ಹೀಟೂ ಇಲ್ಲ ಗೀಟೂ ಇಲ್ಲ. ಇಷ್ಟು ಬೆಳ್ಳಗವ್ನೆ, ದಿನಾ ಬಸ್‌ಸ್ಟ್ಯಾಂಡ್ ಮುಂದೇನೇ ನಡ್ಕೊಂಡೋಯ್ತಾನೆ. ಜನದ ಕಣ್ಣು ಒಟ್ಟೆಗೇ ತಾಕೈತೆ" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿ ತಾಕಿದ್ದರೆ ಘಾಟು ಬರಬಾರದು. ಬಂತು. ಮನೆಯೆಲ್ಲ ಕೆಮ್ಮಿತು. ಮಾರ್ಟಿನ್ ಕೆಮ್ಮಿ, ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಕುಸಿದ. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ದೃಷ್ಟಿ ಅಲ್ಲ ಕಣಪ್ಪ. ಮೊದ್ಲು ಆಸ್ಪತ್ರೆಗೆ ಕರ್ಕೊಂಡೋಗು" ಎಂದರು. ಈ ಇಡೀ ಪ್ರಕರಣದಲ್ಲಿ ಪರೀಕ್ಷೆ ಮಾಡಿ ಫಲಿತಾಂಶಕ್ಕೆ ತಲೆಬಾಗಿದವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಮುಖ ನೋಡಿ, "ಏನಾಗಿದೆ ಇವರಿಗೆ?" ಎಂದರು. ನಾನು ಕುರ್ಚಿ ಎಳೆದುಕೊಂಡೆ. "ಭಾನುವಾರ ನಮ್ಮನೇಲಿ ಮುದ್ದೆ ಊಟ ಮಾಡಿದ್ರು ಮೇಡಂ. ನುಂಗಿ ಅಂತ ಬಡ್ಕೊಂಡೆ, ಅಗಿದ್ಬಿಟ್ರು" ಎಂದು ಮೂಲದಿಂದಲೇ ಆರಂಭಿಸಿದೆ. ಮಾರ್ಟಿನ್ ಎರಡು ಸಲ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಭುಜ ತಟ್ಟಿ ಸಮಾಧಾನ ಮಾಡಿದೆ. ನಾನು ಸಾರಿನ ಖಾರಕ್ಕೆ ಬರುವಷ್ಟರಲ್ಲಿ ಡಾಕ್ಟರಮ್ಮ ಅವನ ಬಲಹೊಟ್ಟೆ ಒತ್ತಿ ಬಿಟ್ಟರು. ಅವನು ಜರ್ಮನ್ ಭಾಷೆಯಲ್ಲಿ ಕಿರುಚಿದ. "ಸ್ವಲ್ಪ ನೋವಿದೆ ಅಂತಾರೆ" ಎಂದೆ. ಸ್ಕ್ಯಾನ್ ಆಯಿತು. "ಅಪೆಂಡಿಕ್ಸ್. ಒಡೆಯೋ ಹಾಗಿದೆ, ಈಗ್ಲೇ ಆಪರೇಷನ್ ಮಾಡ್ಬೇಕು. ನಿನ್ನೇನೇ ಯಾಕೆ ಕರ್ಕೊಂಡ್ ಬರ್ಲಿಲ್ಲ?" ಎಂದು ಅವರು ಕೇಳಿದಾಗ, "ಎಳನೀರು..." ಎಂಬುದಷ್ಟೇ ನನ್ನ ಬಾಯಿಂದ ಬಂತು.

ಅವನಿಗೆ ಸ್ವಂತದವರೆಂದು ಜರ್ಮನಿಯಲ್ಲಿ ಒಬ್ಬ ತಂಗಿ ಇದ್ದಾಳೆ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಫೋನ್ ಎತ್ತಲಿಲ್ಲ. ಒಪ್ಪಿಗೆ ಪತ್ರಕ್ಕೆ ಅವನು ಸಹಿ ಹಾಕಿದ ಮೇಲೆ ನರ್ಸು ಅದನ್ನು ನನ್ನತ್ತ ಚಾಚಿ, "ಜೊತೇಲಿ ಬಂದೋರ್ದೂ ಬೇಕು ಸಾರ್. ಸಂಬಂಧ ಏನು?" ಎಂದಳು. "ಸ್ಟೋರ್ಸ್" ಎಂದೆ. ಇಪ್ಪತ್ತೆರಡು ವರ್ಷ ಲಾರಿ ಸಾಮಾನಿಗೆ ಸಹಿ ಹಾಕಿದ ಕೈ, ತನ್ನ ಪಾಡಿಗೆ ತಾನು ಕೆಳಗೆ 'ಪರಿಶೀಲನೆಗೆ ಒಳಪಟ್ಟು ಪಡೆದಿದ್ದೇನೆ' ಎಂದೂ ಬರೆದುಬಿಟ್ಟಿತು. "ಸಾರ್, ಪೇಷಂಟ್‌ನ ತಗೊಳ್ತಿರೋದು ನಾವು" ಎಂದು ಅವಳು ಹೊಸ ಫಾರಂ ತಂದಳು. ಸ್ಟ್ರೆಚರ್ ಹೊರಟಾಗ ಮಾರ್ಟಿನ್ ನನ್ನ ಕೈ ಹಿಡಿದು, ನೀನು ಇಲ್ಲೇ ಇರುತ್ತೀಯಲ್ಲ ಎಂದು ಕೇಳಿದ. ನನಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಭಾಷೆ ಬಾರದ ಊರಿನಲ್ಲಿ ಇವನು ನನ್ನನ್ನು ನಂಬಿಕೊಂಡಿದ್ದ, ನಾನು ಅವನ ಒಂದು ಇಡೀ ದಿನವನ್ನು ಮಜ್ಜಿಗೆಯಲ್ಲಿ ಕಳೆದಿದ್ದೆ. ಆಪರೇಷನ್ ಮುಗಿಯುವವರೆಗೆ ಯಾರೊಡನೆಯೂ ಒಂದು ಮಾತಾಡದೆ ಕೂತಿದ್ದೆ. ಇದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಮಾರ್ಟಿನ್ ಚೇತರಿಸಿಕೊಂಡ. ಹತ್ತು ದಿನ ಬಿಟ್ಟು ತೋರಿಸಲು ಹೋದಾಗ, ಡಾಕ್ಟರಮ್ಮ ಎಂದಿನಂತೆ ನನ್ನನ್ನೇ ಕೇಳಿದರು. ನಾನು ತುಟಿ ಕಚ್ಚಿಕೊಂಡು ಅವನತ್ತ ಕೈ ತೋರಿಸಿದೆ. ಅವನು ಎರಡೇ ವಾಕ್ಯದಲ್ಲಿ ಮುಗಿಸಿಬಿಟ್ಟ. ನೋಡಲಾಗದೆ ನಾನು ಬೆವರಿದೆ. "ನಿಮ್ ಮುಖ ಯಾಕೆ ಹಿಂಗಿದೆ? ಕೂತ್ಕೊಳ್ಳಿ, ಬಿಪಿ ನೋಡೋಣ" ಎಂದರು ಡಾಕ್ಟರಮ್ಮ. ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ಮಾರ್ಟಿನ್ ಕಡೆಗೆ ತಿರುಗಿ, ಇವರು ದಿನಾ ಏನೇನು ತಿನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಒಂದೂವರೆ ವರ್ಷ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು ಉಂಡವನು. ನಾಲ್ಕು ಗಂಟೆಗೆ ಮೂರು ಮೆಣಸಿನಕಾಯಿ ಬಜ್ಜಿ, ಊಟಕ್ಕೆ ಎರಡು ಸಲ ಉಪ್ಪಿನಕಾಯಿ, ಮಜ್ಜಿಗೆ ಅನ್ನಕ್ಕೆ ಮೇಲುಪ್ಪು ಎಂದು ಅವನು ಹೇಳುತ್ತಾ ಹೋದ, ಅವರು ಬರೆದುಕೊಳ್ಳುತ್ತಾ ಹೋದರು. ಆ ದಿನದಿಂದ ನನಗೆ ಚಪ್ಪೆ ಊಟ, ಎರಡು ಮಾತ್ರೆ. ನನ್ನ ಊರಿನಲ್ಲಿ, ನನ್ನ ಭಾಷೆಯ ಡಾಕ್ಟರ ಮುಂದೆ ಕೂತು, ನನ್ನ ವಿಷಯದಲ್ಲಿ ಒಂದು ಮಾತು ಹೇಳುವ ಅವಕಾಶ ನನಗೆ ಸಿಗಲಿಲ್ಲ. ಜಗಳವಾಡೋಣವೆಂದರೆ, ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.